ವ್ಯಾನಿಗೆ ದೊಡ್ಡ ಗಾಲಿ: 15 ಇಂಚಿನ ರಿಮ್ಮಿಗೆ ಯಾವ ಟೈರು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅಡುಗೆ ಕಾಂಟ್ರ್ಯಾಕ್ಟ್ ಮಾಡುತ್ತೇನೆ. ಪಾತ್ರೆ, ಒಲೆ, ಸಿಲಿಂಡರ್ ತುಂಬಿಕೊಂಡು, ನಾಲ್ಕೈದು ಜನರೊಂದಿಗೆ ಹರಿಹರ, ಚನ್ನಗಿರಿ, ಜಗಳೂರು, ಚಿತ್ರದುರ್ಗದ ಕಡೆ ಓಡಾಡುವ ವ್ಯಾನ್ ನನ್ನದು. ಟೈರುಗಳ ಮೇಲೆ 155 ಆರ್13 ಎಲ್‌ಟಿ, 8 ಪಿಆರ್, 90/88 ಎಂದಿದೆ. ಆರ್‌ಸಿಯಲ್ಲಿ ಒಟ್ಟು ತೂಕ 1,540 ಕೆ.ಜಿ. ಎಂದಿದೆ. ಟೈರು ಸವೆದಿರುವುದರಿಂದ ಈ ಸಲ 15 ಇಂಚಿನ ಅಲಾಯ್ ವೀಲ್ ಹಾಕಿಸೋಣ ಎಂದುಕೊಂಡೆ. ಒಂದು ಅಂಗಡಿಯವರು 185/65 ಆರ್15 ಕೂರುತ್ತದೆ ಎನ್ನುತ್ತಾರೆ, ಇನ್ನೊಬ್ಬರು 185/55 ಆರ್15 ಹಾಕಿಸಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲನೆಯವರು ಹೇಳಿದ ಅಳತೆ ಎತ್ತರದ ಲೆಕ್ಕದಲ್ಲೇ ನಿಮ್ಮ ವ್ಯಾನಿಗೆ ಹೊಂದುವುದಿಲ್ಲ. ಎರಡನೆಯವರು ಹೇಳಿದ್ದು ಎತ್ತರದ ಲೆಕ್ಕದಲ್ಲಿ ಸರಿಯಾಗಿದೆ, ಆದರೆ ಭಾರದ ಲೆಕ್ಕದಲ್ಲಿ ಸೋಲುತ್ತದೆ. ನೀವು ಬರೀ ಜನರನ್ನು ಕೂರಿಸಿಕೊಂಡು ಓಡಾಡುವವರಾಗಿದ್ದರೆ ನಾನು ಎರಡನೆಯ ಅಂಗಡಿಯವರ ಮಾತಿಗೆ ಅಷ್ಟೇನೂ ಅಡ್ಡ ಬರುತ್ತಿರಲಿಲ್ಲ. ಪಾತ್ರೆ, ಸಿಲಿಂಡರ್ ಎಂದು ಬರೆದಿದ್ದೀರಿ, ಅದರಿಂದಾಗಿ ಉತ್ತರ ಬದಲಾಗುತ್ತದೆ. ಹೇಗೆ ಎಂಬುದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡುವಂತೆ ವಿವರಿಸುತ್ತೇನೆ.

ಟೈರಿನ ಗೋಡೆಯ ಮೇಲಿನ ಬರಹದಲ್ಲಿ ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಗೆರೆಯ ನಂತರ ಬರುವ ಎರಡನೆಯ ಅಂಕಿ ಗೋಡೆಯ ಎತ್ತರ, ಆದರೆ ಅದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾವಾರು ಪ್ರಮಾಣ. ‘ಆರ್’ ಎಂದರೆ ರೇಡಿಯಲ್, ಕೊನೆಯದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ನಿಮ್ಮ ಟೈರಿನಲ್ಲಿ ನಡುವಿನ ಶೇಕಡಾ ಅಂಕಿಯೇ ಇಲ್ಲದಿರುವುದು ಮುದ್ರಣದೋಷವಲ್ಲ. ಹಳೆಯ ಪದ್ಧತಿಯ ಈ ಬರಹದಲ್ಲಿ ಅಂಕಿ ಇಲ್ಲದಿದ್ದರೆ ಗೋಡೆಯ ಎತ್ತರ ಅಗಲದ ಸುಮಾರು ಶೇ. 80ರಷ್ಟು ಎಂದು ಹಿಡಿಯಬೇಕು. ಮಾರುತಿ ಓಮ್ನಿಯ 145 ಆರ್12 ಟೈರುಗಳನ್ನು ನೋಡಿದವರಿಗೆ ಈ ಬರಹ ಹೊಸದೇನಲ್ಲ. ಇದನ್ನು ಗಮನಿಸದೆ 155/65 ಆರ್13ಕ್ಕೂ 155 ಆರ್13ಕ್ಕೂ ವ್ಯತ್ಯಾಸವಿಲ್ಲ ಎಂದು ಭಾವಿಸುವ ಅಂಗಡಿಯವರಿದ್ದಾರೆ. ವಾಸ್ತವದಲ್ಲಿ ಆ ಎರಡರ ಎತ್ತರದ ನಡುವೆ ನಾಲ್ಕೂವರೆ ಸೆಂಟಿಮೀಟರಿಗೂ ಹೆಚ್ಚು ಅಂತರವಿದೆ.

ಈಗ ಎತ್ತರದ ಲೆಕ್ಕ. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಅದಕ್ಕೆ ಗೋಡೆಯ ಎತ್ತರದ ಎರಡರಷ್ಟನ್ನು ಕೂಡಿಸಿದರೆ ಇಡೀ ಚಕ್ರದ ವ್ಯಾಸ ಸಿಗುತ್ತದೆ. ನಿಮ್ಮ ಈಗಿನ ಚಕ್ರದಲ್ಲಿ ರಿಮ್ಮು 330 ಮಿ.ಮೀ., ಗೋಡೆ 124 ಮಿ.ಮೀ., ಒಟ್ಟು ವ್ಯಾಸ ಸುಮಾರು 578 ಮಿ.ಮೀ. ರಿಮ್ಮು ಎಷ್ಟೇ ದೊಡ್ಡದಾಗಲಿ, ಈ 578ರ ಆಸುಪಾಸಿನಲ್ಲೇ ಇಡೀ ಚಕ್ರ ನಿಲ್ಲಬೇಕು. ರಿಮ್ಮು ಬೆಳೆದಷ್ಟೂ ರಬ್ಬರಿನ ಗೋಡೆ ಕುಗ್ಗಬೇಕು. ಶೇ. 3ರವರೆಗಿನ ವ್ಯತ್ಯಾಸವನ್ನು ಈ ಕಸುಬಿನವರು ಸಾಮಾನ್ಯವಾಗಿ ಒಪ್ಪುತ್ತಾರೆ. ಭಾರ ಹೊರುವ ಗಾಡಿಗೆ ಶೇ. 2ರೊಳಗೆ ಇರಲಿ ಎಂಬುದು ನನ್ನ ಅಭಿಪ್ರಾಯ.

185/65 ಆರ್15ರ ವ್ಯಾಸ 621 ಮಿ.ಮೀ. ದಾಟುತ್ತದೆ, ಅಂದರೆ ಶೇ. 7.5ರಷ್ಟು ಹೆಚ್ಚು. ಇದು ಮಧ್ಯಮ ಗಾತ್ರದ ಕಾರುಗಳಲ್ಲಿ ಬಳಕೆಯಲ್ಲಿರುವ, ಎಲ್ಲ ಅಂಗಡಿಗಳಲ್ಲೂ ಸಿಗುವ ಅಳತೆಯಾದ್ದರಿಂದ ಅಂಗಡಿಯವರ ಬಾಯಿಗೆ ಮೊದಲು ಬಂದಿರಬಹುದು. ಇದನ್ನು ಹಾಕಿಸಿಕೊಂಡರೆ ನಿಮ್ಮ ಸ್ಪೀಡೋಮೀಟರ್ 80 ತೋರಿಸುವಾಗ ವ್ಯಾನ್ 86ರಲ್ಲಿ ಓಡುತ್ತಿರುತ್ತದೆ. ಮೀಟರ್ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸಿದರೆ ತೊಂದರೆಯಿಲ್ಲ, ಕಂಪನಿಗಳು ಅದನ್ನು ಹಾಗೆಯೇ ಹೊಂದಿಸಿರುತ್ತವೆ. ಕಡಿಮೆ ತೋರಿಸುವುದು ಮಾತ್ರ ಸಲ್ಲದು. ದೂರದ ಲೆಕ್ಕವೂ ಹೀಗೆಯೇ ತಪ್ಪುತ್ತದೆ: ದಾವಣಗೆರೆಯಿಂದ ಬೆಂಗಳೂರಿಗೆ 260 ಕಿ.ಮೀ. ಓಡಿದರೂ ಮೀಟರಿನಲ್ಲಿ 242ರಷ್ಟೇ ಏರಿರುತ್ತದೆ, ಮೈಲೇಜ್ ಬಿದ್ದುಹೋಯಿತೆಂದು ನೀವು ಮೆಕ್ಯಾನಿಕ್ಕನ್ನು ದೂರುತ್ತೀರಿ.

ಎಂಜಿನ್ನಿನ ಮೇಲೆ ಬೀಳುವ ಹೊರೆ ಇದಕ್ಕಿಂತ ಮುಖ್ಯವಾದದ್ದು. ಚಕ್ರದ ವ್ಯಾಸ ಶೇ. 7.5 ಹೆಚ್ಚಿದರೆ ನೆಲಕ್ಕೆ ಸಿಗುವ ಎಳೆತದ ಬಲ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ, ಎಲ್ಲ ಗೇರುಗಳೂ ಒಂದಿಷ್ಟು ‘ಉದ್ದ’ವಾದಂತಾಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ತುಂಬಿದ ವ್ಯಾನ್ ಮೊದಲ ಗೇರಿಗೆ ಇಳಿಯಲು ಕೇಳುತ್ತದೆ, ಚಾಲಕ ಹಾಫ್ ಕ್ಲಚ್ಚಿನಲ್ಲಿ ಎಳೆಯಲು ಹೋದರೆ ಕ್ಲಚ್ ಪ್ಲೇಟಿನ ಆಯುಸ್ಸು ಮುಗಿಯುತ್ತದೆ. ಬ್ರೇಕಿಗೂ ಇದೇ ಕಷ್ಟ, ದೊಡ್ಡ ಚಕ್ರವನ್ನು ನಿಲ್ಲಿಸಲು ಅದೇ ಡ್ರಮ್ಮು ಹೆಚ್ಚು ಶ್ರಮಪಡಬೇಕು. ಗಾಡಿ 22 ಮಿ.ಮೀ.ನಷ್ಟು ಮೇಲೇಳುವುದನ್ನು ಗ್ರೌಂಡ್ ಕ್ಲಿಯರೆನ್ಸ್ ಎಂದು ಖುಷಿಪಡುವವರಿದ್ದಾರೆ. ಮೊದಲೇ ಎತ್ತರವಾಗಿ, ಕಿರಿದಾಗಿರುವ ವ್ಯಾನಿಗೆ ತಿರುವುಗಳಲ್ಲಿ ಅದು ಲಾಭವಲ್ಲ.

185/55 ಆರ್15ರ ವ್ಯಾಸ ಸುಮಾರು 584 ಮಿ.ಮೀ., ಹೆಚ್ಚಳ ಶೇ. 1ರ ಸುತ್ತಮುತ್ತ. ಇಲ್ಲಿಯವರೆಗೆ ಎರಡನೆಯ ಅಂಗಡಿಯವರ ಲೆಕ್ಕ ನಿಖರವಾಗಿದೆ. ಅಂತರಜಾಲದಲ್ಲಿ ಸಿಗುವ ಟೈರ್ ಕ್ಯಾಲ್ಕುಲೇಟರುಗಳೂ ಇಷ್ಟಕ್ಕೇ ಹಸಿರು ಗುರುತು ತೋರಿಸಿ ಸುಮ್ಮನಾಗುತ್ತವೆ.

ಆದರೆ ಟೈರಿನ ಗೋಡೆಯ ಮೇಲೆ ಅಳತೆಯ ಪಕ್ಕದಲ್ಲೇ ಇರುವ 90/88 ಎಂಬುದನ್ನು ಓದದೆ ಟೈರು ಕೊಳ್ಳಬಾರದು. ಅದು ಭಾರದ ಸೂಚ್ಯಂಕ. 90 ಎಂದರೆ ಒಂದು ಟೈರು 600 ಕೆ.ಜಿ. ಹೊರಬಲ್ಲದು. 88 ಎಂದರೆ ಹಿಂದೆ ಜೋಡಿ ಚಕ್ರಗಳಿರುವ ಗಾಡಿಯಲ್ಲಿ ಪ್ರತಿ ಟೈರು 560 ಕೆ.ಜಿ. ಹೊರುತ್ತದೆ. ನಿಮ್ಮದು ಒಂಟಿ ಚಕ್ರದ ಗಾಡಿಯಾದ್ದರಿಂದ ಮೊದಲ ಅಂಕಿಯನ್ನಷ್ಟೇ ನೋಡಿದರೆ ಸಾಕು. ಎಲ್‌ಟಿ ಎಂದರೆ ಲಘು ಸರಕು ವಾಹನದ ಟೈರು, 8 ಪಿಆರ್ ಎಂದರೆ ಅದರ ಒಡಲಿನ ಕಟ್ಟುಮಸ್ತಿನ ದರ್ಜೆ. ಕಾರಿಗೆಂದು ತಯಾರಾಗುವ 185/55 ಆರ್15ರ ಸೂಚ್ಯಂಕ ಸಾಮಾನ್ಯವಾಗಿ 82, ಅಂದರೆ 475 ಕೆ.ಜಿ. ಒಂದೊಂದು ಚಕ್ರಕ್ಕೆ 125 ಕೆ.ಜಿ. ಸಾಮರ್ಥ್ಯ ಕಳೆದುಹೋಯಿತು. ಟೈರು ನೋಡಲು ಅಗಲವಾಗಿದೆ, ಆದ್ದರಿಂದ ಹೆಚ್ಚು ಭಾರ ತಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಭಾರವನ್ನು ನಿಜಕ್ಕೂ ಹೊರುವುದು ಟೈರಿನೊಳಗಿನ ಗಾಳಿಯ ಪರಿಮಾಣ ಮತ್ತು ಒತ್ತಡ, ಆ ಒತ್ತಡವನ್ನು ತಡೆದು ಹಿಡಿಯುವ ಒಡಲು.

ಇದಕ್ಕೆ ಅಂಗಡಿಯವರು ಕೊಡುವ ಉತ್ತರವೂ ನನಗೆ ಗೊತ್ತು: ನಾಲ್ಕು ಟೈರು ಸೇರಿ 1,900 ಕೆ.ಜಿ. ಆಯಿತು, ನಿಮ್ಮ ಆರ್‌ಸಿಯಲ್ಲಿರುವುದು 1,540, ಇನ್ನೂ 360 ಕೆ.ಜಿ. ಉಳಿಯಿತಲ್ಲ? ಕೇಳಲು ಸರಿಯೆನಿಸುತ್ತದೆ. ಆದರೆ ಭಾರ ನಾಲ್ಕು ಚಕ್ರಗಳ ಮೇಲೆ ಸಮನಾಗಿ ಬೀಳುವುದಿಲ್ಲ. ಅಡುಗೆಯವರ ವ್ಯಾನಿನಲ್ಲಿ ಹಂಡೆ, ಕೊಳಗ, ಒಲೆ, ತುಂಬಿದ ಸಿಲಿಂಡರುಗಳು ಎಲ್ಲವೂ ಹಿಂದಿನ ಬಾಗಿಲಿನ ಹತ್ತಿರ, ಅಂದರೆ ಹಿಂದಿನ ಆಕ್ಸಲಿನ ಮೇಲೆ ಅಥವಾ ಅದರಾಚೆ ಇರುತ್ತವೆ. ಸಿಲಿಂಡರುಗಳನ್ನು ಒಂದೇ ಪಕ್ಕಕ್ಕೆ ಒರಗಿಸಿ ಕಟ್ಟುವ ರೂಢಿಯೂ ಇದೆ. ಹಿಂದಿನ ಆಕ್ಸಲಿನ ಮೇಲೆ 900 ಕೆ.ಜಿ. ಬಿದ್ದಿತೆಂದು ಹಿಡಿಯಿರಿ. ಎಡಬಲ ಸಮನಾಗಿದ್ದರೆ ಚಕ್ರಕ್ಕೆ 450. ಹತ್ತರಲ್ಲಿ ಒಂದು ಪಾಲು ಒಂದು ಕಡೆಗೆ ವಾಲಿದರೆ ಆ ಬದಿಯ ಚಕ್ರಕ್ಕೆ 495. ಟೈರಿನ ಮಿತಿ ಅಲ್ಲಿಗೆ ಮೀರಿತು, ಗುಂಡಿಗೆ ಬಿದ್ದಾಗಿನ ಹೊಡೆತ, ತಿರುವಿನಲ್ಲಿ ಹೊರಬದಿಗೆ ಸರಿಯುವ ಭಾರ ಇದರಲ್ಲಿ ಸೇರಿಲ್ಲ.

ನನ್ನ ಊಹೆಯ 900ನ್ನು ನಂಬಬೇಡಿ, ತೂಕ ಹಾಕಿಸಿ. ದಾವಣಗೆರೆಯ ಎಪಿಎಂಸಿ ಸುತ್ತಮುತ್ತ ವೇಬ್ರಿಡ್ಜ್‌ಗೆ ಕೊರತೆಯಿಲ್ಲ. ದೊಡ್ಡ ಮದುವೆಯೊಂದಕ್ಕೆ ಹೊರಡುವ ದಿನ, ಸಾಮಾನು ತುಂಬಿ, ಜನರನ್ನೂ ಕೂರಿಸಿಕೊಂಡು ಅಲ್ಲಿಗೆ ಹೋಗಿ. ಮೊದಲು ಇಡೀ ಗಾಡಿಯನ್ನು ತೂಗಿಸಿ, ಆಮೇಲೆ ಮುಂದಿನ ಚಕ್ರಗಳನ್ನು ತಟ್ಟೆಯಿಂದ ಆಚೆಗೆ ಇಳಿಸಿ, ಹಿಂದಿನ ಎರಡು ಮಾತ್ರ ತಟ್ಟೆಯ ಮೇಲೆ ನಿಲ್ಲುವಂತೆ ಮಾಡಿ ಇನ್ನೊಂದು ಚೀಟಿ ಪಡೆಯಿರಿ. ಆ ಎರಡನೆಯ ಚೀಟಿಯ ಅಂಕಿಯನ್ನು ಎರಡರಿಂದ ಭಾಗಿಸಿ, ಅದಕ್ಕೆ ಹತ್ತರಲ್ಲೊಂದು ಪಾಲು ಕೂಡಿಸಿ. ಬಂದ ಮೊತ್ತಕ್ಕಿಂತ ಕಡಿಮೆ ಕೆ.ಜಿ. ಹೊರುವ ಸೂಚ್ಯಂಕದ ಟೈರನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಒಟ್ಟು ತೂಕದ ಚೀಟಿಯಲ್ಲಿ 1,540 ದಾಟಿದ್ದರೆ ಟೈರಿನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಎರಡು ಟ್ರಿಪ್ ಮಾಡುವ ಯೋಚನೆ ಮಾಡಬೇಕಾಗುತ್ತದೆ.

ಗಾಳಿ ಹೆಚ್ಚು ತುಂಬಿಸಿಕೊಂಡರೆ ಸರಿಹೋಗುತ್ತದೆ ಎಂಬ ಸಲಹೆ ಬಂದೇ ಬರುತ್ತದೆ. ನಿಮ್ಮ ಎಲ್‌ಟಿ ಟೈರು ತನ್ನ ಪೂರ್ತಿ 600 ಕೆ.ಜಿ.ಯನ್ನು ಹೊರುವುದು 65 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ, ಅದಕ್ಕೆ ತಕ್ಕ ಒಡಲು ಅದಕ್ಕಿದೆ. ಕಾರಿನ ಸಾಧಾರಣ ಟೈರು ತನ್ನ 475 ಕೆ.ಜಿ.ಯ ಮಿತಿಯನ್ನು ಸುಮಾರು 36 ಪಿಎಸ್‌ಐ ಹೊತ್ತಿಗೇ ಮುಟ್ಟಿರುತ್ತದೆ. ಅದರಾಚೆ ಎಷ್ಟು ಗಾಳಿ ತುಂಬಿದರೂ ಟೈರು ಕಲ್ಲಿನಂತಾಗುತ್ತದೆಯೇ ಹೊರತು ಹೊರುವ ಸಾಮರ್ಥ್ಯ ಏರುವುದಿಲ್ಲ. ಮಿತಿ ಮೀರಿದ ಭಾರದಲ್ಲಿ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಶಾಖ ಹುಟ್ಟುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಕೆಳಗಿನ ಡಾಂಬರೂ ಕಾದಿರುವಾಗ, ನಿಲ್ಲದೆ ಒಂದು ಗಂಟೆ ಓಡಿಸಿದರೆ ಆ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ಹೆದ್ದಾರಿ ಬದಿಯಲ್ಲಿ ಬಿದ್ದಿರುವ ಟೈರಿನ ಚಿಂದಿಗಳನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಬಹಳಷ್ಟು ಮೊಳೆ ಚುಚ್ಚಿ ಹಾಳಾದವಲ್ಲ, ಕಡಿಮೆ ಗಾಳಿ ಅಥವಾ ಹೆಚ್ಚು ಭಾರದಿಂದ ಒಳಗೊಳಗೇ ಬೆಂದು ಬಿಚ್ಚಿಕೊಂಡವು.

ಹಾಗಾದರೆ 14 ಇಂಚು? 175/65 ಆರ್14ರ ವ್ಯಾಸ 583 ಮಿ.ಮೀ., ಶೇ. 1ರೊಳಗಿನ ವ್ಯತ್ಯಾಸ, ಬಹಳ ಚೆನ್ನಾಗಿ ಹೊಂದುತ್ತದೆ. ಕಾರಿನ ದರ್ಜೆಯಲ್ಲಿ ಇದರ ಸೂಚ್ಯಂಕವೂ 82. 165/70 ಆರ್14 ಎತ್ತರದಲ್ಲಿ ಶೇ. 1.5 ಹೆಚ್ಚು, ಭಾರದಲ್ಲಿ 81, ಅಂದರೆ 462 ಕೆ.ಜಿ. ಆದರೆ 175/65 ಆರ್14 ಅಳತೆಯಲ್ಲೇ ಸರಕು ವಾಹನದ ದರ್ಜೆಯ, ಅಳತೆಯ ಕೊನೆಯಲ್ಲಿ ‘ಸಿ’ ಅಕ್ಷರವಿರುವ ಟೈರುಗಳು ತಯಾರಾಗುತ್ತವೆ, ಅವುಗಳ ಮೇಲೆ ನಿಮ್ಮ ಈಗಿನ ಟೈರಿನಂತೆಯೇ 90/88 ಎಂದಿರುತ್ತದೆ. ದೊಡ್ಡ ರಿಮ್ಮು ಬೇಕೇ ಬೇಕೆಂದರೆ ನಿಮ್ಮ ಗಾಡಿಗೆ ನಾನು ಒಪ್ಪುವ ಅಳತೆ ಅದೊಂದೇ. ಕೊಳ್ಳುವ ಮೊದಲು ಅದೇ ಟೈರು ಎರಡು ವರ್ಷದ ನಂತರವೂ ನಮ್ಮ ಭಾಗದಲ್ಲಿ ಸಿಗುತ್ತದೆಯೇ ಎಂದು ನಾಲ್ಕು ಕಡೆ ವಿಚಾರಿಸಿ. ಜಗಳೂರಿನ ದಾರಿಯಲ್ಲಿ ಒಂದು ಟೈರು ಹರಿದರೆ 155 ಆರ್13 ಸಿಗುವಷ್ಟು ಸುಲಭವಾಗಿ ಇದು ಸಿಗುವ ಭರವಸೆಯಿಲ್ಲ. ಹೆಸರಿನಲ್ಲಿ ಹತ್ತಿರವಿದೆಯೆಂದು 165 ಆರ್14 ಎಲ್‌ಟಿಗೆ ಹೋಗಬೇಡಿ, ಭಾರದಲ್ಲಿ ಅದು ಗಟ್ಟಿಗನಾದರೂ ಎತ್ತರದಲ್ಲಿ ಶೇ. 7ಕ್ಕೂ ಹೆಚ್ಚು ಮೇಲೆ ಹೋಗುತ್ತದೆ.

ಟೈರು ಯಾವ ದರ್ಜೆಯದು ಎಂಬುದನ್ನು ಅಂಗಡಿಯವರ ಬಾಯಿಮಾತಿಗೆ ಬಿಡದೆ ಕಣ್ಣಿನಿಂದ ಪರೀಕ್ಷಿಸಲು ಒಂದು ಉಪಾಯವಿದೆ. ಗೋಡೆಯ ಮೇಲಿನ ಐಎಸ್‌ಐ ಗುರುತಿನ ಜೊತೆಗಿರುವ ಮಾನಕ ಸಂಖ್ಯೆ 15633 ಆಗಿದ್ದರೆ ಅದು ಪ್ರಯಾಣಿಕ ಕಾರಿನ ಟೈರು, 15636 ಆಗಿದ್ದರೆ ವಾಣಿಜ್ಯ ವಾಹನದ ಟೈರು. ತಯಾರಿಕೆಯ ದಿನಾಂಕವನ್ನೂ ಅಲ್ಲೇ ನೋಡಿಕೊಳ್ಳಿ: ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ.

ರಿಮ್ಮಿನ ವಿಷಯದಲ್ಲಿ ಬೋಲ್ಟ್ ತೂತುಗಳು ಕೂಡಿದರೆ ಸಾಕೆಂದು ತಿಳಿಯುವುದು ಸಾಮಾನ್ಯ. ತೂತುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ, ಅಂದರೆ ಪಿಸಿಡಿ, ನಡುವಿನ ಹಬ್ ತೂತಿನ ಅಳತೆ, ಇವು ಮೂರೂ ಹೊಂದಿಕೊಂಡ ಮೇಲೂ ಆಫ್‌ಸೆಟ್ ಉಳಿಯುತ್ತದೆ, ತೊಂದರೆ ಕೊಡುವುದು ಹೆಚ್ಚಾಗಿ ಅದೇ. ರಿಮ್ಮಿನ ನಟ್ಟನಡುವಿನ ಗೆರೆಯಿಂದ ಅದು ಹಬ್ಬಿಗೆ ತಾಗುವ ಮುಖ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್, ರಿಮ್ಮಿನ ಹಿಂಬದಿಯಲ್ಲಿ ‘ಇಟಿ’ ಎಂಬ ಅಕ್ಷರಗಳೊಂದಿಗೆ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಹಳೆಯ ರಿಮ್ಮು ನಾಲ್ಕೂವರೆ ಇಂಚು ಅಗಲ, ಇಟಿ 45 ಎಂದಿಟ್ಟುಕೊಳ್ಳಿ, ಹೊಸದು ಆರು ಇಂಚು ಅಗಲ, ಇಟಿ 35. ಅಗಲದ ಹೆಚ್ಚಳದಲ್ಲಿ ಅರ್ಧ, ಅಂದರೆ 19 ಮಿ.ಮೀ., ಹೊರಕ್ಕೆ ಬರುತ್ತದೆ. ಆಫ್‌ಸೆಟ್ ಕಡಿಮೆಯಾದ 10 ಮಿ.ಮೀ. ಅದಕ್ಕೆ ಸೇರುತ್ತದೆ. ಒಟ್ಟು 29 ಮಿ.ಮೀ. ಚಕ್ರದ ಹೊರ ಅಂಚು ಆಚೆಗೆ ಬಂತು, ಒಳ ಅಂಚು 9 ಮಿ.ಮೀ. ಒಳಕ್ಕೆ ಹೋಯಿತು. ಹೊರಗೆ ಬಂದ ಅಂಚು ತುಂಬಿದ ಗಾಡಿ ಕುಗ್ಗಿದಾಗ ಮಡ್‌ಗಾರ್ಡಿನ ತುಟಿಗೆ ಉಜ್ಜುತ್ತದೆ. ಒಳಗೆ ಹೋದದ್ದು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸಿಗೋ ಸಸ್ಪೆನ್ಷನ್ನಿಗೋ ತಾಗಬಹುದು. ಚಕ್ರ ಹೊರಕ್ಕೆ ಸರಿದಷ್ಟೂ ವೀಲ್ ಬೇರಿಂಗಿನ ಮೇಲೆ ತಿರುಚುವ ಹೊರೆ ಏರುತ್ತದೆ, ಸ್ಟಿಯರಿಂಗೂ ಗುಂಡಿಗೊಂದು ಸಲ ಕೈಯಲ್ಲಿ ಜಗ್ಗುತ್ತದೆ. ನಿಮ್ಮ ವ್ಯಾನಿಗೆ ಜಾರುಬಾಗಿಲು ಇದ್ದರೆ, ಹೊಸ ಚಕ್ರ ಕೂರಿಸಿದ ತಕ್ಷಣ ಬಾಗಿಲನ್ನು ಹಿಂದಕ್ಕೆ ಪೂರ್ತಿ ಸರಿಸಿ ನೋಡಿ, ಹೊರಬಂದ ಹಿಂದಿನ ಟೈರು ಅದಕ್ಕೆ ತಗುಲುವ ಸಾಧ್ಯತೆ ಇದೆ. ಈ ಪರೀಕ್ಷೆಗಳನ್ನೆಲ್ಲ ಖಾಲಿ ವ್ಯಾನಿನಲ್ಲಿ ಮಾಡಿ ತೃಪ್ತಿಪಟ್ಟರೆ ಪ್ರಯೋಜನವಿಲ್ಲ, ಹಿಂದೆ ಭಾರ ಹೇರಿಯೇ ನೋಡಬೇಕು. ಅಲಾಯ್ ರಿಮ್ಮಿನ ಹಿಂಬದಿಯಲ್ಲಿ ಅದರ ಭಾರದ ಮಿತಿಯನ್ನೂ ಕಿಲೋಗ್ರಾಮಿನಲ್ಲಿ ನಮೂದಿಸಿರುತ್ತಾರೆ. ಅಂಥ ಅಚ್ಚೇ ಇಲ್ಲದ ರಿಮ್ಮನ್ನು ಅದರ ಹೊಳಪಿಗೆ ಮರುಳಾಗಿ ಕೊಳ್ಳಬೇಡಿ.

ರಸ್ತೆಯ ಮಾತನ್ನೂ ಹೇಳಿಬಿಡುತ್ತೇನೆ. ಈಗ ನಿಮ್ಮ ರಿಮ್ಮಿಗೂ ನೆಲಕ್ಕೂ ನಡುವೆ 124 ಮಿ.ಮೀ. ರಬ್ಬರ್ ಗೋಡೆಯಿದೆ. 14 ಇಂಚಿಗೆ ಹೋದರೆ 114, 185/55 ಆರ್15ಕ್ಕೆ ಹೋದರೆ 102. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಇದು ಗೊತ್ತಾಗಲಿಕ್ಕಿಲ್ಲ. ಮಳೆಗಾಲದಲ್ಲಿ ನೀರು ತುಂಬಿ ಅಂಚು ಕಾಣದ ಗುಂಡಿಗಳಿರುವ ಹಳ್ಳಿ ರಸ್ತೆಯಲ್ಲಿ ತುಂಬಿದ ವ್ಯಾನ್ ಇಳಿದಾಗ ಗೊತ್ತಾಗುತ್ತದೆ. ಕಬ್ಬಿಣದ ಡಿಸ್ಕು, ಅಂದರೆ ಕಬ್ಬಿಣದ ರಿಮ್ಮು, ಬಾಗಿದರೆ ಬಡಿದು ನೇರ ಮಾಡಿಕೊಡುವವರು ಊರೂರಲ್ಲಿದ್ದಾರೆ. ಅಲಾಯ್ ಬಿರುಕು ಬಿಟ್ಟರೆ ಬೆಸುಗೆ ಹಾಕಿಸಿ ಓಡಿಸುವುದು ಅಪಾಯ, ಹೊಸದನ್ನೇ ಕೊಳ್ಳಬೇಕು.

ಕಾನೂನಿನ ಬಗ್ಗೆ ನೀವು ಕೇಳಿಲ್ಲವಾದರೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ನಿಮ್ಮ ವ್ಯಾನಿನ ಕೈಪಿಡಿಯಲ್ಲಿ, ಅಥವಾ ಅದೇ ಮಾದರಿಯ ಬೇರೊಂದು ಆವೃತ್ತಿಗೆ ಕಂಪನಿಯೇ ಕೊಟ್ಟಿರುವ ಅಳತೆಯಲ್ಲಿ, ನಿಮ್ಮ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಮಾಡಿಸುವ ಸಮಯದಲ್ಲೂ ಅಪಘಾತದ ನಂತರದ ವಿಮೆ ಕ್ಲೇಮಿನಲ್ಲೂ ತಕರಾರು ಬರಬಹುದು. ಅಲಾಯ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸಿ, ಪಾಲಿಸಿಯಲ್ಲಿ ನಮೂದಿಸಿಕೊಳ್ಳುವುದು ಒಳ್ಳೆಯದು.

ಸ್ಟೆಪ್ನಿಯನ್ನು ಬಹಳ ಜನ ಮರೆಯುತ್ತಾರೆ. ನಾಲ್ಕು ಹೊಸ ಚಕ್ರ ಕೊಂಡು ಐದನೆಯದಾಗಿ ಹಳೆಯ 13 ಇಂಚಿನದನ್ನೇ ಉಳಿಸಿಕೊಂಡರೆ, ವ್ಯಾಸ ಶೇ. 1ರೊಳಗೆ ಹೊಂದುತ್ತಿದ್ದರೆ ಅಲ್ಪ ದೂರಕ್ಕೆ ನಡೆಯುತ್ತದೆ. ಆಗಲೂ ಕಬ್ಬಿಣದ ಡಿಸ್ಕಿನ ಹಳೆಯ ನಟ್ಟುಗಳನ್ನು ಗಾಡಿಯಲ್ಲೇ ಇಟ್ಟುಕೊಂಡಿರಬೇಕು, ಏಕೆಂದರೆ ಅಲಾಯ್ ನಟ್ಟಿನ ತಳದ ಇಳಿಜಾರು ಕಬ್ಬಿಣದ ಡಿಸ್ಕಿಗೆ ಸರಿಯಾಗಿ ಕೂರದಿರಬಹುದು. ವ್ಯಾಸದ ಅಂತರ ಹೆಚ್ಚಿದ್ದು, ಸ್ಟೆಪ್ನಿಯನ್ನು ಎಂಜಿನ್ ಎಳೆಯುವ ಆಕ್ಸಲಿಗೆ ಹಾಕಿದರೆ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಿ, ಆ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಗೇರು ನಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ 155 ಆರ್13 ಎಲ್‌ಟಿ 8 ಪಿಆರ್ ಅನ್ನೇ ಐದು ಟೈರು ಹೊಸದಾಗಿ ಹಾಕಿಸುತ್ತಿದ್ದೆ. ಅಂದಕ್ಕೆ ಅಲಾಯ್ ಬೇಕೆನಿಸಿದರೆ 13 ಇಂಚಿನಲ್ಲೇ ಭಾರದ ಮಿತಿ ಅಚ್ಚಾಗಿರುವ ರಿಮ್ಮು ಹುಡುಕುತ್ತಿದ್ದೆ, ಹಳೆಯ ಟೈರು ಟ್ಯೂಬಿನದಾಗಿದ್ದರೆ ಈ ಸಲ ಟ್ಯೂಬ್‌ಲೆಸ್ ತೆಗೆದುಕೊಳ್ಳುತ್ತಿದ್ದೆ. 14 ಇಂಚಿನ ಆಸೆ ಬಿಡಲಾಗದಿದ್ದರೆ 90 ಸೂಚ್ಯಂಕದ 175/65 ಆರ್14 ಸಿ ಐದು ಟೈರು ಒಟ್ಟಿಗೆ ಕೈಗೆ ಸಿಕ್ಕ ಮೇಲೆಯೇ ರಿಮ್ಮಿಗೆ ಮುಂಗಡ ಕೊಡಿ, ಮೊದಲು ರಿಮ್ಮು ಕೊಂಡು ಆಮೇಲೆ ಟೈರು ಹುಡುಕುವವರು ಕೊನೆಗೆ ಅಂಗಡಿಯಲ್ಲಿದ್ದದ್ದನ್ನು ಹಾಕಿಸಿಕೊಂಡು ಬರುತ್ತಾರೆ. 15 ಇಂಚನ್ನು ಈ ವ್ಯಾನಿಗೆ ಯೋಚಿಸಬೇಡಿ. ಯಾವುದನ್ನೇ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆಸಿ, ಮೊದಲ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿ ಮಾಡಿಸಿ. ಗಾಳಿ ಗನ್ನಿನಿಂದ ಟರ್ರೆಂದು ಒಂದೇ ಸಲ ಬಿಗಿದು ಕಳಿಸುವ ಅಂಗಡಿಯಾದರೆ, ಸ್ಪ್ಯಾನರ್ ಕೇಳಿ ಪಡೆದು ನೀವೇ ಮಾಡಿ.